ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಮಾತ್ರೆ ಖರ್ಚು: ಎಲ್ಲಿ ಉಳಿಸ್ಬಹುದು, ಎಲ್ಲಿ ಕೈ ಹಾಕ್ಲೇಬಾರ್ದು

(ಮೇಜಿನ ಮೇಲೆ ಸ್ವೀಟ್ ಡಬ್ಬಿ, ಪಕ್ಕದಲ್ಲಿ ಮೆಡಿಕಲ್ ಬಿಲ್‌ಗಳ ಕಟ್ಟು)

ನಮಸ್ಕಾರ ಎಲ್ರಿಗೂ. ಈ ಡಬ್ಬಿ ನೋಡಿ, ಒಂದು ಕಾಲದಲ್ಲಿ ಇದ್ರಲ್ಲಿ ಮೈಸೂರ್ ಪಾಕ್ ಇತ್ತು, ಈಗ ಆರು ವರ್ಷದಿಂದ ನನ್ನ ಮಾತ್ರೆ ಡಬ್ಬಿ. ಅಮ್ಮ ನಂಗೆ ಕಿಡ್ನಿ ಕೊಟ್ಟು ಆರು ವರ್ಷ ಆಯ್ತು. ಆಪರೇಷನ್‌ಗೆ ಅಂತ ಊರಲ್ಲಿದ್ದ ಸೈಟ್ ಮಾರಿದ್ವಿ, ಸಾಲ ಮಾಡಿದ್ವಿ, ಅದೇನೋ ಹೆಂಗೋ ಒಂದ್ಸಲ ಮುಗೀತು ಅನ್ಕೊಂಡ್ವಿ, ಆಮೇಲೆ ಡಿಸ್ಚಾರ್ಜ್ ದಿನ ಚೀಟಿ ಹಿಡ್ಕೊಂಡು ಕೆಳಗಡೆ ಫಾರ್ಮಸಿಗೆ ಹೋದ್ರೆ ಬಿಲ್ 14 ಸಾವಿರ ಚಿಲ್ಲರೆ, ಅದೂ ಒಂದೇ ತಿಂಗಳಿಗೆ. ಅಪ್ಪ ಕೌಂಟರ್‌ನಲ್ಲಿದ್ದ ಹುಡುಗೀನ ಕೇಳಿದ್ರು, "ಇದು ಎಷ್ಟು ತಿಂಗ್ಳು ತಗೋಬೇಕಮ್ಮಾ?" ಅವಳು ಬಿಲ್ ಹರೀತಾ ಹೇಳಿದ್ಲು, "ಕಿಡ್ನಿ ಇರೋವರ್ಗೂ ಅಂಕಲ್."

ಇವತ್ತು ಆ ಬಿಲ್ ಬಗ್ಗೆ ಮಾತಾಡೋಣ. ಯಾಕಂದ್ರೆ ಆಪರೇಷನ್ ಬಗ್ಗೆ ಎಲ್ರೂ ಹೇಳ್ತಾರೆ, ಮಾತ್ರೆ ದುಡ್ಡಿನ ಬಗ್ಗೆ ಯಾರೂ ಬಿಡಿಸಿ ಹೇಳಲ್ಲ.

ಮೊದ್ಲು ಈ ಮಾತ್ರೆ ಯಾಕೆ ಅಂತ. ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿ ಇರ್ತಾನಲ್ಲ, ಒಬ್ಬ ಬಾಡಿಗೆಯವನು ಹತ್ತು ವರ್ಷ ಇದ್ರೂ "ಯಾರ್ ಸಾರ್ ನೀವು, ಯಾವ ಫ್ಲಾಟು" ಅಂತ ದಿನಾ ತಡಿಯೋ ಸೆಕ್ಯೂರಿಟಿ, ನಮ್ಮ ದೇಹದ ರೋಗನಿರೋಧಕ ಶಕ್ತಿ ಅಂಥದ್ದು. ಅಮ್ಮನ ಕಿಡ್ನಿ ಆದ್ರೂ ಅದಕ್ಕೆ ಹೊರಗಿನದ್ದೇ. ಈ ಮಾತ್ರೆಗಳು ಅವನಿಗೆ ಸ್ವಲ್ಪ ತೂಕಡಿಕೆ ಬರಿಸ್ತವೆ ಅಷ್ಟೆ. ಪೂರ್ತಿ ನಿದ್ದೆ ಹೋದ್ರೆ ಕಳ್ಳರು ನುಗ್ತಾರೆ, ಅಂದ್ರೆ ಇನ್ಫೆಕ್ಷನ್. ಪೂರ್ತಿ ಎಚ್ಚರ ಆದ್ರೆ ಕಿಡ್ನೀನೇ ಹೊರಗೆ ಹಾಕ್ತಾನೆ, ಅಂದ್ರೆ ರಿಜೆಕ್ಷನ್. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಸಲ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಸಕ್ಸಸ್ ಆಗಿದ್ದು ಯಾಕೆ ಗೊತ್ತಾ, ಕೊಟ್ಟವನು ತಗೊಂಡವನು ಇಬ್ರೂ ತದ್ರೂಪಿ ಅವಳಿಗಳು, ಸೆಕ್ಯೂರಿಟಿಗೆ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ. ನಮಗೆಲ್ಲ ಆ ಅದೃಷ್ಟ ಇಲ್ವಲ್ಲ.

ಸಾಮಾನ್ಯವಾಗಿ ಮೂರು ಮಾತ್ರೆ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್. ಕೊನೇದು ಸ್ಟೀರಾಯ್ಡ್, ಮುಖ ಊದಿಸುತ್ತೆ, ಶುಗರ್ ಏರಿಸುತ್ತೆ, ಆದ್ರೆ ರೇಟು ತೀರಾ ಕಮ್ಮಿ. ಜೇಬು ಸುಡೋದು ಮೊದಲಿನ ಎರಡು. ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಅನ್ನೋ ಊರಿನ ಮಣ್ಣಲ್ಲಿದ್ದ ಬ್ಯಾಕ್ಟೀರಿಯಾದಿಂದ. ಅದನ್ನ ಫ್ಯಾಕ್ಟರೀಲಿ ತಯಾರಿಸೋದೂ ಹುದುಗು ಬರಿಸಿನೇ, ನಮ್ಮ ದೋಸೆ ಹಿಟ್ಟಿನ ಥರ, ಆದ್ರೆ ದೊಡ್ಡ ದೊಡ್ಡ ಟ್ಯಾಂಕಲ್ಲಿ. 1978ರಲ್ಲಿ ಇದೇ ಬೆಂಗಳೂರಲ್ಲಿ ಶುರುವಾದ ಬಯೋಕಾನ್ ಇದನ್ನ ಮಾಡುತ್ತೆ, ಇಲ್ಲಿಂದ ಅಮೆರಿಕಾಗೂ ಹೋಗುತ್ತೆ. ಇಂಡಿಯಾದಲ್ಲೇ ಬೇರೆ ಬೇರೆ ಕಂಪನಿ ಮಾಡೋದ್ರಿಂದಲೇ ನಮಗೆ ಈ ರೇಟಿಗಾದ್ರೂ ಸಿಗ್ತಿದೆ.

(ಸ್ಕ್ರೀನ್ ಮೇಲೆ ಮೊದಲ ತಿಂಗಳ ಬಿಲ್, ಪಕ್ಕದಲ್ಲಿ ಈಗಿನ ಬಿಲ್)

ಈಗ ಎರಡು ಬಿಲ್ ಪಕ್ಕ ಪಕ್ಕ ನೋಡಿ. ಅವತ್ತು 14 ಸಾವಿರ, ಈಗ ಹೆಚ್ಚೂ ಕಮ್ಮಿ 6 ಸಾವಿರ. ಮೊದಲ ಬಿಲ್ ನೋಡಿ ಎದೆ ಒಡ್ಕೋಬೇಡಿ ಅಂತಾನೇ ತೋರಿಸ್ತಿರೋದು. ಶುರೂಲಿ ರಿಜೆಕ್ಷನ್ ಭಯ ಜಾಸ್ತಿ, ಅದಕ್ಕೆ ಡೋಸ್ ಜಾಸ್ತಿ, ಆಮೇಲೆ ತಿಂಗಳು ಕಳೆದ ಹಾಗೆ ಡಾಕ್ಟರೇ ಇಳಿಸ್ತಾ ಬರ್ತಾರೆ. ಜೊತೆಗೆ ವಾಲ್‌ಗ್ಯಾನ್ಸಿಕ್ಲೋವಿರ್ ಅಂತ ಒಂದು ಇರುತ್ತೆ, ಸಿಎಂವಿ ಅನ್ನೋ ವೈರಸ್ ಬರ್ದೇ ಇರ್ಲಿ ಅಂತ, ಭಾರಿ ದುಬಾರಿ, ಎಲ್ರಿಗೂ ಬರ್ಯಲ್ಲ, ಬರೆದ್ರೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗ್ಳು, ಆಮೇಲೆ ನಿಂತೋಗುತ್ತೆ.

ಈಗ ನನ್ನ ಕಥೆ. ಹೇಳ್ಬೇಕೋ ಬೇಡ್ವೋ ಅಂತಿದ್ದೆ, ಹೇಳ್ಬಿಡ್ತೀನಿ. ಎರಡನೇ ವರ್ಷ ಕೆಲಸ ಹೋಯ್ತು, ಮನೇಲಿ ಹೇಳೋಕೆ ನಾಚಿಕೆ, ಒಂದು ಸ್ಟ್ರಿಪ್ ಎಳೆದು ಎಳೆದು ಹೆಚ್ಚು ದಿನ ಬರ್ಲಿ ಅಂತ ರಾತ್ರಿ ಡೋಸ್ ಬಿಡೋಕೆ ಶುರು ಮಾಡ್ದೆ. ಏನೂ ಆಗ್ಲಿಲ್ಲ! ಜ್ವರ ಇಲ್ಲ, ನೋವಿಲ್ಲ, ಯೂರಿನ್ ಚೆನ್ನಾಗೇ ಹೋಗ್ತಿತ್ತು, ಅಯ್ಯೋ ಇಷ್ಟು ದಿನ ಸುಮ್ನೆ ನುಂಗ್ತಿದ್ನಲ್ಲ ಅನ್ಸಿತು. ಮೋಸ ಇರೋದೇ ಅಲ್ಲಿ, ರಿಜೆಕ್ಷನ್ ಶುರುವಾದಾಗ ಎಷ್ಟೋ ಸಲ ಮೈಗೆ ಏನೂ ಗೊತ್ತಾಗಲ್ಲ, ಬ್ಲಡ್ ಟೆಸ್ಟ್‌ಗೆ ಮಾತ್ರ ಗೊತ್ತಾಗುತ್ತೆ. 1.2 ಇದ್ದ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ರಕ್ತದಿಂದ ಹೊರಗೆ ಹಾಕ್ಬೇಕಾದ ಕಸ, 1.9 ಆಗಿತ್ತು. ಬಯಾಪ್ಸಿ, ಅಡ್ಮಿಷನ್, ಮೂರು ದಿನ ಸ್ಟೀರಾಯ್ಡ್ ಡ್ರಿಪ್. ನಾನು ಉಳಿಸಿದ್ದು 3 ಸಾವಿರ ಇರ್ಬಹುದು, ಹೋಗಿದ್ದಕ್ಕೆ ಲೆಕ್ಕ ಇಲ್ಲ, ಕ್ರಿಯಾಟಿನಿನ್ ಇವತ್ತಿಗೂ 1.5ಕ್ಕಿಂತ ಕೆಳಗೆ ಬಂದಿಲ್ಲ.

ಡಾಕ್ಟ್ರು ಬೈತಾರೆ ಅನ್ಕೊಂಡಿದ್ದೆ. ಬೈಲಿಲ್ಲ. "ಏನಪ್ಪಾ, ದುಡ್ಡಿಗೆ ಕಷ್ಟ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ, ನಾನು ಬೇರೆ ದಾರಿ ಮಾಡ್ತಿದ್ನಲ್ಲ" ಅಂದ್ರು. ಈ ವಿಡಿಯೋ ಮಾಡ್ತಿರೋದೇ ಆ ಮಾತಿಗೋಸ್ಕರ. ಬೇರೆ ದಾರಿ ಅಂದ್ರೇನು ಅಂತ ಅವತ್ತೇ ಗೊತ್ತಾಗಿದ್ದು.

ಒಂದು, ಬ್ರ್ಯಾಂಡ್. ಒಂದೇ ಔಷಧಿಗೆ ಕಂಪನಿಯಿಂದ ಕಂಪನಿಗೆ ರೇಟಲ್ಲಿ ತುಂಬಾ ವ್ಯತ್ಯಾಸ ಇರುತ್ತೆ, ಮೆಡಿಕಲ್ ಶಾಪಿಂದ ಶಾಪಿಗೆ ಡಿಸ್ಕೌಂಟೂ ಬೇರೆ, ಬಾಯ್ಬಿಟ್ಟು ಕೇಳ್ದೆ ಯಾರೂ ಕೊಡಲ್ಲ, ಜನೌಷಧಿ ಅಂಗಡೀಲೂ ವಿಚಾರಿಸಿ. ಆದ್ರೆ ಟ್ಯಾಕ್ರೋಲಿಮಸ್ ವಿಷ್ಯದಲ್ಲಿ ಹುಷಾರು, ಇದು ಕ್ರೋಸಿನ್ ಥರ ಅಲ್ಲ. ಸ್ವಲ್ಪ ಕಮ್ಮಿ ಆದ್ರೆ ರಿಜೆಕ್ಷನ್, ಸ್ವಲ್ಪ ಜಾಸ್ತಿ ಆದ್ರೆ ಕೈ ನಡುಕ, ಶುಗರ್, ಮತ್ತೆ ಕಿಡ್ನಿಗೇ ಪೆಟ್ಟು. ಅದಕ್ಕೆ ಡಾಕ್ಟರ್ ಒಪ್ಪಿ ಬ್ರ್ಯಾಂಡ್ ಚೇಂಜ್ ಮಾಡ್ಬೇಕು, ಆಮೇಲೆ ಲೆವೆಲ್ ಟೆಸ್ಟ್, ಅಂದ್ರೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡೋ ಟೆಸ್ಟ್ ಮಾಡ್ಸಿ ಸರಿ ಇದ್ಯಾ ನೋಡ್ಬೇಕು, ಸರಿ ಇದ್ರೆ ಅದಕ್ಕೇ ಅಂಟ್ಕೊಳ್ಳಿ. ಈ ತಿಂಗ್ಳು ಇದು ಚೀಪು ಮುಂದಿನ ತಿಂಗ್ಳು ಅದು ಚೀಪು ಅಂತ ಸೊಪ್ಪು ಕೊಂಡಂಗೆ ಕೊಳ್ಬೇಡಿ. ಇನ್ನೊಂದು, ದಿನಕ್ಕೆ ಒಂದೇ ಸಲ ತಗೊಳ್ಳೋ ಟ್ಯಾಕ್ರೋಲಿಮಸ್ಸೂ ಬರುತ್ತೆ, ಎರಡು ಸಲದ್ದೂ ಬರುತ್ತೆ, ಅವೆರಡೂ ಒಂದೇ ಅಲ್ಲ. ಅಂಗಡಿಯವನು "ಸೇಮ್ ಸಾರ್" ಅಂದ್ರೂ ಚೀಟಿ ಜೊತೆ ಹೋಲಿಸಿ ನೋಡಿ.

ಇನ್ನೊಂದು ದಾರಿ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಡಿಲ್ಟಿಯಾಜೆಮ್ ಅಂತ ಹಳೇ ಬಿಪಿ ಮಾತ್ರೆ, ಕಡಿಮೆ ರೇಟು. ಅದು ಟ್ಯಾಕ್ರೋಲಿಮಸ್ ಬೇಗ ಕರಗಿಹೋಗದ ಹಾಗೆ ಲಿವರ್‌ನ ತಡೆಯುತ್ತೆ, ಅಂದ್ರೆ ಕಮ್ಮಿ ಡೋಸಲ್ಲೇ ಅದೇ ಲೆವೆಲ್ ಸಿಗುತ್ತೆ, ಬಿಪಿಗೂ ಆಯ್ತು ದುಡ್ಡೂ ಉಳೀತು. ನಮ್ಮ ದೇಶದಲ್ಲಿ ಎಷ್ಟೋ ಡಾಕ್ಟರ್‌ಗಳು ಬೇಕಂತಲೇ ಹೀಗೆ ಕೊಡ್ತಾರೆ. ದಯವಿಟ್ಟು ವಿಡಿಯೋ ನೋಡಿ ನೀವೇ ಶುರು ಮಾಡ್ಬೇಡಿ, ಎಲ್ಲರ ಹಾರ್ಟಿಗೂ ಅದು ಆಗ್ಬರಲ್ಲ, ಲೆವೆಲ್ ನೋಡ್ದೆ ಕೊಟ್ರೆ ಅದೇ ವಿಷ.

ಇದೇ ಕಾರಣಕ್ಕೇ ಚಕ್ಕೋತ ತಿನ್ಬಾರ್ದು. ನಮ್ಮ ದೇವನಹಳ್ಳಿ ಚಕ್ಕೋತ, ಏನ್ ರುಚಿ ಅದು, ನಂಗೆ ಪ್ರಾಣ. ಅದೂ, ಅದ್ರ ಜಾತಿಯ ಗ್ರೇಪ್‌ಫ್ರೂಟೂ ಟ್ಯಾಕ್ರೋಲಿಮಸ್ ಲೆವೆಲ್ ಏರಿಸ್ತವೆ, ಹಣ್ಣಿಂದ ಹಣ್ಣಿಗೆ ಎಷ್ಟು ಏರುತ್ತೆ ಅಂತ ಹೇಳೋಕಾಗಲ್ಲ, ಹಂಗಾಗಿ ಅದನ್ನ ಇಟ್ಕೊಂಡು ಮಾತ್ರೆ ಉಳಿಸೋ ಐಡಿಯಾ ಎಲ್ಲ ಬೇಡ. ಲೂಸ್ ಮೋಷನ್ ಆದ್ರೂ ಲೆವೆಲ್ ಏರುತ್ತೆ, ಎಲ್ಲ ಹೊರಗೆ ಹೋಗುತ್ತೆ ಇಳೀಬೇಕಲ್ವಾ ಅನ್ಸುತ್ತೆ, ಉಲ್ಟಾ. ಟಿಬಿಗೆ ಕೊಡೋ ರಿಫಾಂಪಿಸಿನ್ ಲೆವೆಲ್‌ನ ಪಾತಾಳಕ್ಕೆ ಇಳಿಸುತ್ತೆ. ಅಮೃತಬಳ್ಳಿ ಕಷಾಯ, ಇಮ್ಯೂನಿಟಿ ಬೂಸ್ಟರ್ ಅಂತ ಪಕ್ಕದ ಮನೆ ಆಂಟಿ ತಂದ್ಕೊಟ್ರೆ ಕೈ ಮುಗಿದು ವಾಪಸ್ ಕೊಡಿ, ನಾವು ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಇಮ್ಯೂನಿಟಿ ಇಳಿಸ್ತಿದೀವಿ ತಾಯಿ ಅಂತ. ಮೈಕೈ ನೋವಿಗೆ ಅಂಗಡೀಲಿ ಕೇಳಿ ತರೋ ಪೇನ್‌ಕಿಲ್ಲರೂ ಬೇಡ.

ಲೆವೆಲ್ ಟೆಸ್ಟ್‌ಗೂ ದುಡ್ಡು ಹಾಕ್ಬೇಕು, ಅದನ್ನ ವೇಸ್ಟ್ ಮಾಡ್ಬೇಡಿ. ಬೆಳಗ್ಗೆ ಡೋಸ್ ತಗೊಳ್ಳೋಕೆ ಮುಂಚೆ ರಕ್ತ ಕೊಡ್ಬೇಕು, ಮಾತ್ರೆ ಜೇಬಲ್ಲಿ ಇಟ್ಕೊಂಡು ಹೋಗಿ ಲ್ಯಾಬಿಂದ ಹೊರಗೆ ಬಂದು ನುಂಗಿ. ಅಭ್ಯಾಸಬಲದಿಂದ ಮನೇಲೇ ನುಂಗಿ ಹೋದ್ರೆ ಲೆವೆಲ್ ಸುಳ್ಳುಸುಳ್ಳೇ ಜಾಸ್ತಿ ಬರುತ್ತೆ, ಅದನ್ನ ನೋಡಿ ಡೋಸ್ ಇಳಿಸಿದ್ರೆ ಕಥೆ ಕೆಡುತ್ತೆ. ದಿನಕ್ಕೆ ಎರಡು ಸಲದ್ದಾದ್ರೆ ಟೈಮಿಂಗ್ 12 ಗಂಟೆಗೊಂದ್ಸಲ. ನಂದು 9ಕ್ಕೆ 9, ರಾತ್ರಿ 9ಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಾಕ್ಕೊಂಡು ಮಾತ್ರೆ ಮನೇಲಿ ಇರೋದು ಎರಡು ಸಲ ಆದ್ಮೇಲೆ ಬ್ಯಾಗಲ್ಲೂ ಒಂದು ಸ್ಟ್ರಿಪ್ ಇಟ್ಟಿದೀನಿ. ಮರೆತ್ರೆ ಮುಂದಿನ ಸಲ ಡಬಲ್ ನುಂಗ್ಬೇಡಿ, ಆಸ್ಪತ್ರೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ಕೇಳಿ. ಮಗು ಮಾಡ್ಕೋಬೇಕು ಅನ್ನೋ ಹೆಣ್ಮಕ್ಳು ಮೊದ್ಲೇ ಡಾಕ್ಟರ್‌ಗೆ ಹೇಳ್ಬೇಕು, ಮೈಕೋಫೆನೊಲೇಟ್ ಹೊಟ್ಟೇಲಿರೋ ಮಗುಗೆ ಅಪಾಯ, ಕನಿಷ್ಠ ಆರು ವಾರ ಮುಂಚೆ ನಿಲ್ಲಿಸಿ ಅಜಾಥಯೋಪ್ರಿನ್ ಅನ್ನೋ ಬೇರೆ ಮಾತ್ರೆಗೆ ಬದಲಾಯಿಸ್ತಾರೆ.

ದುಡ್ಡಿಗೋಸ್ಕರ ಮಾತ್ರೆ ಬಿಡೋದು ಬಡವರ ದಡ್ಡತನ ಅಂತ ಮಾತಾಡೋರು ಇದಾರೆ, ಅವರಿಗೊಂದು ಮಾತು. ಅಮೆರಿಕಾದಲ್ಲಿ ಕಿಡ್ನಿ ಕಾಯಿಲೆ ಅಂತಲೇ ಮೆಡಿಕೇರ್ ಸಿಕ್ಕಿದೋರಿಗೆ ಟ್ರಾನ್ಸ್‌ಪ್ಲಾಂಟ್ ಆಗಿ 36 ತಿಂಗಳಿಗೆ ಆ ಸರ್ಕಾರಿ ವಿಮೆ ನಿಂತೋಗ್ತಿತ್ತು, ಮಾತ್ರೆ ಕೊಳ್ಳೋಕಾಗ್ದೆ ಕಿಡ್ನಿ ಕಳ್ಕೊಂಡು ವಾಪಸ್ ಡಯಾಲಿಸಿಸ್‌ಗೆ ಬಂದೋರಿದಾರೆ, ಬೇರೆ ವಿಮೆ ಇಲ್ದೋರಿಗೆ ಈ ಮಾತ್ರೆಗಳ ಕವರೇಜ್ ಮುಂದುವರಿಸಿದ್ದು 2023ರ ಜನವರಿಯಿಂದ. ಅಲ್ಲೇ ಹಂಗೆ.

ಇಲ್ಲಿ ಏನಿದೆ ಅಂದ್ರೆ, ಬಿಪಿಎಲ್ ಕಾರ್ಡ್ ಇದ್ರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಡೆಯಿಂದ ಟ್ರಾನ್ಸ್‌ಪ್ಲಾಂಟ್ ಸ್ಕೀಮ್ ಇದೆ, ಆಪರೇಷನ್‌ಗೆ ಮಾತ್ರ ಅಲ್ಲ, ಆಮೇಲಿನ ಮಾತ್ರೆಗೂ ಒಂದು ಮೊತ್ತ ಇಟ್ಟಿದಾರೆ. ಆಪರೇಷನ್‌ಗೆ ಮುಂಚೇನೇ ಆಸ್ಪತ್ರೆಯ ಆರೋಗ್ಯಮಿತ್ರ ಡೆಸ್ಕಲ್ಲಿ ಕೇಳಿ, ಆದ್ಮೇಲೆ ಓಡಾಡಿದ್ರೆ ಕಷ್ಟ. ಸರ್ಕಾರಿ ಜಾಗ ಬೇಕು ಅಂದ್ರೆ ವಿಕ್ಟೋರಿಯಾ ಆಸ್ಪತ್ರೆ ಕ್ಯಾಂಪಸ್‌ನಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಪ್ರೈವೇಟ್ ಇನ್ಶೂರೆನ್ಸ್ ಇರೋರು ಪಾಲಿಸಿ ತೆಗೆದು ಓದಿ, ಹೆಚ್ಚಿನವು ಡಿಸ್ಚಾರ್ಜ್ ಆದ್ಮೇಲೆ 60 ಅಥವಾ 90 ದಿನದ ಔಷಧಿ ಕೊಟ್ಟು ಕೈ ತೊಳ್ಕೊಳ್ತವೆ, ಆ 90 ದಿನದ ಬಿಲ್ ಕೂಡ ಕ್ಲೇಮ್ ಮಾಡ್ದೆ ಬಿಟ್ಟೋರು ನಾವು, ಗೊತ್ತೇ ಇರ್ಲಿಲ್ಲ.

ಈಗ ನಮ್ಮನೇಲಿ ಮಾತ್ರೆ ಲೆಕ್ಕ ಅಪ್ಪಂದು. ಪ್ರತಿ ಭಾನುವಾರ ಈ ಡಬ್ಬಿ ಮುಂದೆ ಕೂತು ಎಣಿಸಿ, ಹತ್ತು ದಿನಕ್ಕಿಂತ ಕಮ್ಮಿ ಉಳಿದಿದ್ರೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾರೆ. ನಾನು ರಾತ್ರಿ ಡೋಸ್ ಬಿಟ್ಟಿದ್ದು ಗೊತ್ತಾದ ದಿನದಿಂದ ಶುರು ಮಾಡಿದ್ದು, ಯಾಕೆ ಅಂತ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.