ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

(ಮಂಡ್ಯ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತು)

ಮಕ್ಕಳೇ, ಗದ್ದೆ ಕೆಲಸ ಬಿಟ್ಟು ಬಂದಿರುವ ಅಪ್ಪ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಈಗ ತಾನೇ ಗೇಟಿನ ಹತ್ತಿರ ಒಬ್ಬ ಹುಡುಗ ನನ್ನನ್ನು ಕೇಳಿದ: "ಸಾರ್, ಓದೋಕೆ ಮನಸ್ಸೇ ಬರಲ್ಲ. ಏನ್ ಮಾಡ್ಲಿ?" ಇವತ್ತಿನ ನನ್ನ ಮಾತೆಲ್ಲ ಅವನಿಗೇ.

ಮನಸ್ಸು ಬರಲಿ ಅಂತ ಕಾಯುತ್ತಾ ಕೂತರೆ ಅದು ಬರುವುದಿಲ್ಲಪ್ಪ. ಒಂದು ಲೆಕ್ಕವನ್ನು ನೀವೇ ಬಿಡಿಸಿದಾಗ ಖುಷಿ ಆಗುತ್ತದೆ ಅಲ್ವಾ? ಆ ಖುಷಿಯೇ ನಿಮ್ಮನ್ನು ಮುಂದಿನ ಲೆಕ್ಕಕ್ಕೆ ಕೂರಿಸುತ್ತದೆ. ನಾನು ಮೂವತ್ತು ವರ್ಷ ಪಾಠ ಮಾಡಿದವನು. ಓದು ಬೇಡ ಅನ್ನುವ ಮಕ್ಕಳಲ್ಲಿ ಸೋಮಾರಿಗಳು ಕಡಿಮೆ. ಗಂಟೆಗಟ್ಟಲೆ ಓದಿಯೂ ತಲೆಯಲ್ಲಿ ನಿಲ್ಲದೆ ಸೋತು ಹೋದವರೇ ಜಾಸ್ತಿ.

ಅಂಥ ಒಬ್ಬಳು ನನ್ನ ತರಗತಿಯಲ್ಲಿದ್ದಳು. ಬೆಳಗಿನ ಜಾವ ಎದ್ದು ಓದಿ, ಡೈರಿಗೆ ಹಾಲು ಹಾಕಿ, ಆಮೇಲೆ ಶಾಲೆಗೆ ಬರುತ್ತಿದ್ದಳು. ಪುಸ್ತಕದ ತುಂಬಾ ಹಳದಿ ಗೆರೆ. "ಹೃದಯದ ಪಾಠ ಐದು ಸಲ ಓದಿದೀನಿ ಸಾರ್" ಅಂದಳು. ಪುಸ್ತಕ ಮುಚ್ಚಿಸಿದೆ. ಖಾಲಿ ಹಾಳೆ ಕೊಟ್ಟು, ಹೃದಯದ ಚಿತ್ರ ಬರೆದು ರಕ್ತ ಹರಿಯುವ ದಾರಿಗೆ ಬಾಣ ಹಾಕು ಅಂದೆ. ನಾಲ್ಕು ಕೋಣೆ ಬರೆದಳು. ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ ಬಾಣ ಬಂತು. ಅಲ್ಲಿ ಪೆನ್ನು ನಿಂತಿತು. ಮುಂದೆ ಶ್ವಾಸಕೋಶಕ್ಕೋ, ದೇಹಕ್ಕೋ? ಕಣ್ಣಲ್ಲಿ ನೀರು ಬಂತು. "ಅಳಬೇಡ ತಾಯಿ, ನಿನಗೆ ಗೊತ್ತಿಲ್ಲದ್ದು ಎಲ್ಲಿದೆ ಅಂತ ಈಗ ಸಿಕ್ತು. ಆ ಒಂದು ಬಾಣ ನೋಡ್ಕೊಂಡು ಮತ್ತೆ ಮುಚ್ಚು" ಅಂದೆ. ಎರಡನೇ ಸಲ ಪೂರ್ತಿ ಬರೆದಳು. ಮುಂದಿನ ವಾರ ಯಾರೂ ಹೇಳದೆಯೇ ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನಿನ ಚಿತ್ರ ಬರೆದು ತಂದು ತೋರಿಸಿದಳು. ಮನಸ್ಸು ಬರುವುದು ಹೀಗೆ.

ಇದಕ್ಕೆ ಪುರಾವೆಯೂ ಇದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಓದಿಸಿದರು. ಉಳಿದವರಿಗೆ ಓದಿದ್ದನ್ನು ನೋಡದೆ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಇಟ್ಟಾಗ, ನೋಡದೆ ಬರೆದವರು ಮುಂದೆ ಹೋಗಿದ್ದರು. ಮತ್ತೆ ಮತ್ತೆ ಓದಿದಾಗ "ಎಲ್ಲಾ ಬರುತ್ತೆ" ಅನ್ನಿಸುತ್ತದಲ್ಲ, ಅದನ್ನು ನಂಬಬೇಡಿ.

ಇನ್ನು ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ನೆನಪನ್ನೇ ಅಳೆದು ನೋಡಿ 1885ರಲ್ಲಿ ಬರೆದ: ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ಹಾಗಾಗಿ ಇವತ್ತು ಕಲಿತದ್ದನ್ನು ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಹದಿನೈದು ದಿನಕ್ಕೆ ಇನ್ನೊಮ್ಮೆ ನೋಡದೆ ಬರೆಯಿರಿ. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರಲ್ಲ, ಹಾಗೆ. ಇಡೀ ಬೆಳೆಗೆ ಬೇಕಾದ ನೀರನ್ನು ಒಂದೇ ದಿನ ಹರಿಸಿದರೆ ಪೈರು ಉಳಿಯುತ್ತಾ?

ನಿದ್ದೆಗೆಟ್ಟು ಓದಬೇಡಿ. ಓದುವಾಗ ಮೊಬೈಲು ಬೇರೆ ಕೋಣೆಯಲ್ಲಿರಲಿ. ಇದು ನಿಮಗೇ ಗೊತ್ತು.

ಪೋಷಕರೇ, ಈ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಈಗ ಒಂದೇ ಸಲದ್ದಲ್ಲ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿವೆ. ಸಸಾರ ಮಾಡಿ ಅಂತ ಹೇಳುತ್ತಿಲ್ಲ, ಮಗುವನ್ನು ಹೆದರಿಸಬೇಡಿ ಅಂತ ಕೇಳಿಕೊಳ್ಳುತ್ತಿದ್ದೇನೆ. "ಪಕ್ಕದ್ಮನೆ ಹುಡುಗನ್ನ ನೋಡು" ಅನ್ನುವ ಮಾತು ಮಗುವಿನ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೆ. ಅದರ ಬದಲು ರಾತ್ರಿ ಊಟಕ್ಕೆ ಕೂತಾಗ "ಇವತ್ತು ಏನು ಕಲಿತೆ, ನನಗೂ ಹೇಳಿಕೊಡು" ಅನ್ನಿ. ನೀವು ಶಾಲೆಗೆ ಹೋಗಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ. ಹೇಳುತ್ತಾ ಎಲ್ಲಿ ತಡವರಿಸುತ್ತದೋ ಅಲ್ಲಿಂದ ಮರುದಿನದ ಓದು.

ಸರಿ, ಎಲ್ಲರೂ ಒಂದು ಹಾಳೆ ತೆಗೆಯಿರಿ. ಇವತ್ತು ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಆದ ಪಾಠ, ನೆನಪಿದ್ದಷ್ಟು ಬರೆಯಿರಿ. ತಪ್ಪಾದರೂ ಪರವಾಗಿಲ್ಲ. ಐದು ನಿಮಿಷ ಸಮಯ. ಗೇಟಿನ ಹತ್ತಿರ ಸಿಕ್ಕಿದ್ದ ಮರಿ, ಪೆನ್ನು ಇಲ್ವಾ? ಬಾ, ನನ್ನದು ತಗೋ.