ಆಯ್ತ್ರಿ ಅನ್ನುವ ಮೊದಲು

ಕೇಳುಗರಿಗೆ ನಮಸ್ಕಾರ. ನಾನು ಕಲಬುರಗಿಯಲ್ಲಿ ಮನೆಯಲ್ಲೇ ಕೂತು ಅನುವಾದ ಮತ್ತು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುವವಳು. ತಿಂಗಳ ಸಂಬಳ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೆಲಸ ಬಂದರೆ ದುಡ್ಡು. ಇದಕ್ಕೆ ಫ್ರೀಲ್ಯಾನ್ಸ್ ಅಂತಾರೆ. ನಮ್ಮ ಊರಲ್ಲೂ ಹೀಗೆ ದುಡಿಯುವವರು ಈಗ ಜಾಸ್ತಿ. ಅವರಿಗಾಗಿ ಈ ಮಾತು.

ಫೋನು ಬರುತ್ತದೆ. "ಸಣ್ಣ ಕೆಲ್ಸ ಅದ ಮೇಡಂ, ನಾಳೆ ಕೊಟ್ಟುಬಿಡ್ರಿ." ಯೋಚಿಸುವ ಮೊದಲೇ ಬಾಯಿಂದ "ಆಯ್ತ್ರಿ" ಅಂತ ಬಂದಿರುತ್ತದೆ. ಇಲ್ಲ ಅಂದರೆ ಮುಂದಿನ ಸಲ ಬೇರೆಯವರ ಹತ್ತಿರ ಹೋಗುತ್ತಾರೆ ಅನ್ನುವ ಹೆದರಿಕೆ. ಆ ಹೆದರಿಕೆ ನನಗೂ ಚೆನ್ನಾಗಿ ಗೊತ್ತು.

ಒಂದು ಬೇಸಿಗೆಯಲ್ಲಿ ಹೀಗೇ ಮೂರು ಕೆಲಸ ಒಪ್ಪಿಕೊಂಡೆ. ತರಬೇತಿ ಕೈಪಿಡಿಯ ಅನುವಾದ, ಮದುವೆ ಕಾರ್ಡುಗಳು, ಜೊತೆಗೆ ತೀರಿಹೋದ ತಾಯಿಯ ನೆನಪಿಗೆ ಒಂದು ಮನೆಯವರು ಮಾಡಿಸುತ್ತಿದ್ದ ಪುಸ್ತಕ. ಪುಸ್ತಕದ ಬರಹವೆಲ್ಲ ಹಳೆಯ ನುಡಿ ಫಾಂಟಿನಲ್ಲಿತ್ತು. ಅದನ್ನು ಈಗ ಎಲ್ಲ ಕಂಪ್ಯೂಟರು, ಫೋನಿನಲ್ಲೂ ನಡೆಯುವ ಯೂನಿಕೋಡಿಗೆ ಬದಲಿಸುವಾಗ ಕೆಲವು ಸಲ ಅರ್ಕಾವತ್ತು ಜಾಗ ತಪ್ಪುತ್ತದೆ. "ಕಾರ್ಯ" ಹೋಗಿ "ಕಾಯರ್" ಆಗುತ್ತದೆ, "ವರ್ಷ" ಹೋಗಿ "ವಷರ್" ಆಗುತ್ತದೆ. ಒಂದೊಂದು ಸಾಲನ್ನೂ ಕಣ್ಣಿಟ್ಟು ಓದಲೇಬೇಕು. ರಾತ್ರಿ 2 ಗಂಟೆ, ಕಣ್ಣು ಎಳೆಯುತ್ತಿತ್ತು. ಒಂದು ಪುಟ ಓದದೆ ಉಳಿಯಿತು. ಹಾಗೇ ಅಚ್ಚಾಯಿತು. ಆ ತಾಯಿಯ ಮಗಳು ನನ್ನ ಮುಂದೆ ಪುಸ್ತಕ ತೆರೆದು, ಏನೂ ಮಾತಾಡದೆ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಅವ್ವ ಐವತ್ತು ವಷರ್ ಈ ಮನೆ ನಡೆಸಿದಳು." ಆ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆಮೇಲೆ ಒಂದು ವಾರ ನೋಟ್‌ಬುಕ್ಕಿನಲ್ಲಿ ನನ್ನ ಹೊತ್ತನ್ನು ಬರೆದಿಟ್ಟೆ. ದಿನಕ್ಕೆ 10 ಗಂಟೆ ಕುರ್ಚಿಯಲ್ಲಿ ಕೂರುತ್ತಿದ್ದೆ. ಅದರಲ್ಲಿ ಅನುವಾದ ನಡೆದದ್ದು 4 ಗಂಟೆ ಅಷ್ಟೇ. ಉಳಿದದ್ದೆಲ್ಲ ಫೋನು, ಫಾಂಟು ಸರಿಮಾಡುವುದು, ಬಾಕಿ ಕೇಳುವುದು, "ಮನ್ಯಾಗೇ ಇರ್ತೀಯಲ್ಲ" ಅಂತ ಹೇಳಿ ಬರುವ ಮನೆಗೆಲಸ. ಗಂಟೆಗೆ 250 ಪದ ಅಂದರೂ ನನ್ನ ಒಂದು ದಿನ 1,000 ಪದ. 10,000 ಪದದ ಕೆಲಸಕ್ಕೆ 10 ದಿನ ಬೇಕು. ಮತ್ತೆ ಓದಿ ತಿದ್ದಲು 2 ದಿನ, ಕರೆಂಟು ಹೋಗುವುದಕ್ಕೋ ಜ್ವರಕ್ಕೋ 1 ದಿನ. ಒಟ್ಟು 13. ನಿಮ್ಮ ಕೆಲಸದ ಅಳತೆ ಬೇರೆ ಇರಬಹುದು. ಆದರೆ ಅಳತೆ ಅಂತ ಒಂದು ಇರಲೇಬೇಕು, ಅಲ್ವಾ?

ಬಿಸಿಲಿನದು ಇನ್ನೊಂದು ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಾವು ಮಾತ್ರ ಸುಮ್ನೆ ಮೂರು ಗಂಟೆಯ ಉರಿಯಲ್ಲಿ ತಲೆಕೆಲಸ ಮಾಡುತ್ತೇವೆ ಅಂತ ಕೂರುವುದು ಯಾಕೆ? ನಾನು ಬೆಳಗಿನ 5ರಿಂದ 9ರವರೆಗೆ ಅನುವಾದ ಮಾಡುತ್ತೇನೆ. ಆಗ ಫೋನು ಒಳಗಿನ ಕೋಣೆಯಲ್ಲಿರುತ್ತದೆ. ಮಧ್ಯಾಹ್ನ ಬಿಲ್ಲು, ಪುಟ ಜೋಡಣೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಅನ್ನುವ ಪೊಮೊಡೊರೊ ಪದ್ಧತಿಯನ್ನೂ ಮಾಡಿ ನೋಡಿದೆ. ಪುಟ ಜೋಡಣೆಗೆ ಒಳ್ಳೆಯದು. ಅನುವಾದಕ್ಕೆ ಒಗ್ಗಲಿಲ್ಲ. ವಾಕ್ಯ ಹಿಡಿತಕ್ಕೆ ಸಿಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ಹೊಸ ಕೆಲಸ ಬಂದಾಗ ನನಗೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. 12ನೇ ಶತಮಾನದ ಕಲ್ಯಾಣ, ಅಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಚೆಲ್ಲಿದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚಿಗೆ ಅಕ್ಕಿ ತಂದ. ಬೇಕಾದ್ದಕ್ಕಿಂತ ಜಾಸ್ತಿ ಇದೆ, ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸು ಕಳಿಸಿದಳು. ಬಡ ಮನೆಯ ಹೆಂಗಸು ಅವಳು. ಅವಳಿಗೆ ನಾಳೆಯ ಹೆದರಿಕೆ ಇರಲಿಲ್ಲವೇ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಯಾರೇ ಕೇಳಲಿ, "ಫೈಲು ಕಳಿಸ್ರಿ, ನೋಡಿ ಸಂಜೆ ಹೇಳ್ತೀನ್ರಿ" ಅನ್ನುತ್ತೇನೆ. ಪದ ಎಣಿಸಿ, ಕ್ಯಾಲೆಂಡರ್ ನೋಡಿ ತಾರೀಖು ಹೇಳುತ್ತೇನೆ. ಅರ್ಧ ಹಣ ಮುಂಗಡ ಕೇಳುತ್ತೇನೆ. ಇಬ್ಬರು ಬೇರೆ ಕಡೆ ಹೋದರು, ನಿಜ. ಆ ತಿಂಗಳು ಕೈ ಬಿಗಿಯಾಯಿತು. ಮೊನ್ನೆ ಒಬ್ಬರಿಗೆ 13 ದಿನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಹದಿಮೂರನೇ ದಿನ ಪಕ್ಕಾ ಕೊಡ್ತೀರಿಲ್ಲ?" ಅಂದರು.

ಪಕ್ಕಾ ಅಂದೆ. ಹನ್ನೆರಡನೇ ದಿನ ಕಳಿಸಿದೆ.

ನಮಸ್ಕಾರ.