ಹಡಗಿನ ಹೊಟ್ಟೆ ಮುಚ್ಚಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತಾಡೋಣ ಅಂತ ಬಂದಿದ್ದೇನೆ.

ಹಳೇ ಕಾಲದ ಹಾಯಿಹಡಗಿನ ಮಾದರಿಯನ್ನು ಮರದಲ್ಲಿ ಕಟ್ಟುವವರು ನಮ್ಮಲ್ಲಿ ಕಡಿಮೆ. ಇರುವ ಕೆಲವರಲ್ಲೂ ಬಹಳಷ್ಟು ಜನರದ್ದು ಒಂದೇ ದಾರಿ. ಮೊದಲೇ ಕತ್ತರಿಸಿದ ತುಂಡುಗಳ ಕಿಟ್ ತರಿಸು, ಒಡಲಿಗೆ ಹಲಗೆ ಹೊದಿಸು, ವಾರ್ನಿಷ್ ಬಳಿ, ಹಾಯಿ ಏರಿಸು, ಗಾಜಿನ ಪೆಟ್ಟಿಗೆಯಲ್ಲಿಡು. ಮನೆಗೆ ಬಂದವರು "ಅಬ್ಬಬ್ಬಾ, ಎಷ್ಟು ಸೂಕ್ಷ್ಮ ಕೆಲಸ!" ಅಂದರೆ ಸಾಕು, ಜನ್ಮ ಸಾರ್ಥಕ.

ನನ್ನ ತಕರಾರು ಆ ಸೂಕ್ಷ್ಮದ ಬಗ್ಗೆಯೇ. ಅದೆಲ್ಲ ಹೊರಗಿನದು. ನೂರಾರು ಟನ್ ಮರ ಸಮುದ್ರದ ಹೊಡೆತಕ್ಕೆ ಬಿಚ್ಚಿಕೊಳ್ಳದೆ ಹೇಗೆ ನಿಂತಿತು ಅನ್ನುವುದು ಒಳಗಿದೆ. ಅದನ್ನೇ ನಾವು ಹಲಗೆ ಹೊಡೆದು ಮುಚ್ಚುತ್ತೇವೆ. ಹಾಗಾಗಿ ನನ್ನ ಮಾತು ಇಷ್ಟೇ: ನೀರಿನ ಮಟ್ಟದಿಂದ ಕೆಳಗೆ ಹಲಗೆ ಹೊಡೆಯಬೇಡಿ. ಒಡಲಿಗೆ ಆಕಾರ ಕೊಡುವ ಒಳಗಿನ ಬಾಗುಮರಗಳು, ಅಂದರೆ ಪಕ್ಕೆಲುಬು, ಕಾಣಲಿ ಬಿಡಿ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಹಡಗನ್ನು ಇಟ್ಟುಕೊಳ್ಳೋಣ. ನೆಲ್ಸನ್‌ನ ವಿಕ್ಟರಿ, ಕೊಲಂಬಸ್‌ನ ಸಾಂತಾ ಮರಿಯಾ ಇವನ್ನೆಲ್ಲ ಲೋಕವೇ ಕಟ್ಟುತ್ತಿದೆ. ನಾನು ಆರಿಸಿಕೊಂಡದ್ದು ಎಚ್‌ಎಂಎಸ್ ಟ್ರಿಂಕೋಮಲಿ. ಹೆಸರು ಸಿಂಹಳದ ಊರಿನದು, ಬಾವುಟ ಬ್ರಿಟಿಷರದು, ಕಟ್ಟಿದ್ದು ಬೊಂಬಾಯಿಯಲ್ಲಿ. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿದೆ. ನೀರಿನ ಮೇಲೆ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಅತಿ ಹಳೆಯದು. "ವಿಕ್ಟರಿ ಇದಕ್ಕಿಂತ ಹಳೆಯದಲ್ವಾ?" ಅಂತ ಕೇಳಬಹುದು. ಹೌದು, ಆದರೆ ಅದು ನೀರಿಲ್ಲದ ಕಟ್ಟೆಯಲ್ಲಿ ಕೂತಿದೆ.

ಇದರ ಜನ್ಮಕಥೆ ಚೆನ್ನಾಗಿದೆ. ನೆಪೋಲಿಯನ್ ಜೊತೆಗಿನ ಯುದ್ಧಕ್ಕೆ ಒಂದರ ಹಿಂದೊಂದು ಹಡಗು ಕಟ್ಟಿ ಕಟ್ಟಿ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂತು. 1812ರ ಅಕ್ಟೋಬರ್‌ನಲ್ಲಿ ನೌಕಾಪಡೆ ಈ ಹಡಗನ್ನು ಬೊಂಬಾಯಿಯಲ್ಲಿ ಕಟ್ಟಿಸಲು ಆದೇಶ ಕೊಟ್ಟಿತು. ನಕ್ಷೆಗಳನ್ನು ಜಾವಾ ಅನ್ನುವ ಹಡಗಿನಲ್ಲಿ ಕಳಿಸಿದರು. ಡಿಸೆಂಬರ್ ಕೊನೆಯಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಅನ್ನುವ ಯುದ್ಧನೌಕೆ ಆ ಜಾವಾವನ್ನು ಸೋಲಿಸಿ ಸುಟ್ಟುಹಾಕಿತು. ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ಬರುವವರೆಗೆ ಕಾಯಬೇಕಾಯಿತು. 1816ರ ಮೇ ತಿಂಗಳಲ್ಲಿ ಜಮ್ಶೆಡ್ಜಿ ಬೊಮನ್‌ಜಿ ವಾಡಿಯಾ ಪಾರ್ಸಿ ಪದ್ಧತಿಯಂತೆ ಅಡಿಮರಕ್ಕೆ, ಅಂದರೆ ಹಡಗಿನ ತಳದ ಬೆನ್ನೆಲುಬಿಗೆ, ಬೆಳ್ಳಿ ಮೊಳೆ ಹೊಡೆದು ಕೆಲಸ ಶುರು ಮಾಡಿದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಖರ್ಚು ಸುಮಾರು 23,000 ಪೌಂಡ್.

ಇನ್ನೊಂದು ತಮಾಷೆ ಇದೆ. ಈ ಹಡಗಿನ ಆಕಾರ ಇಂಗ್ಲಿಷರದ್ದೇ ಅಲ್ಲ. 1782ರಲ್ಲಿ ಅವರು ಎಬೆ ಅನ್ನುವ ಫ್ರೆಂಚ್ ಫ್ರಿಗೇಟನ್ನು (ವೇಗದ ಯುದ್ಧನೌಕೆ) ಸೆರೆಹಿಡಿದಿದ್ದರು. ಸಾನೆ ಅನ್ನುವ ಫ್ರೆಂಚ್ ಶಿಲ್ಪಿ ರೂಪಿಸಿದ ಹಡಗು ಅದು. ಅದರ ಅಳತೆ ತೆಗೆದು ಲೀಡಾ ಅನ್ನುವ ಹಡಗುಗಳ ವರ್ಗ ಮಾಡಿಕೊಂಡರು, ಅದೇ ಸಾಲಿನಲ್ಲಿ ಬಂದದ್ದು ಟ್ರಿಂಕೋಮಲಿ. ಫ್ರೆಂಚರ ಮೇಲೆ ಯುದ್ಧ ಮಾಡಲು ಫ್ರೆಂಚ್ ಗೆರೆ, ಪಾರ್ಸಿ ಮೇಸ್ತ್ರಿ, ಮಲಬಾರಿನ ತೇಗ. ಇಷ್ಟೆಲ್ಲ ಆಗಿ ಹಡಗು ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿದಿತ್ತು! ಪೋರ್ಟ್ಸ್‌ಮತ್‌ಗೆ ಹೋಗುವ ದಾರಿಯಲ್ಲಿ 1819ರ ಜನವರಿಯಲ್ಲಿ ಸೇಂಟ್ ಹೆಲೆನಾದಲ್ಲಿ ನಿಂತಿತು. ಅಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೆ ಚಿಕಿತ್ಸೆ ಮಾಡಿದ್ದ ಜಾನ್ ಸ್ಟೋಕೋ ಅನ್ನುವ ವೈದ್ಯನನ್ನು ಹತ್ತಿಸಿಕೊಂಡು ಹೊರಟಿತು. ನೆಪೋಲಿಯನ್‌ಗೂ ಈ ಹಡಗಿಗೂ ಇದ್ದ ಸಂಬಂಧ ಅಷ್ಟೇ.

ಸರಿ, ಈಗ ಮರದ ವಿಷಯಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರಾದರೆ ಮುಂದೆ ಓಡಿಸಿ.

ತೇಗದಲ್ಲಿ ಎಣ್ಣೆ ಇದೆ. ಅದಕ್ಕೇ ಬೇಗ ಕೊಳೆಯುವುದಿಲ್ಲ, ಹೊಡೆದ ಕಬ್ಬಿಣದ ಮೊಳೆಯನ್ನೂ ಕಾಪಾಡುತ್ತದೆ. ಓಕ್ ಹಾಗಲ್ಲ, ಅದರಲ್ಲಿರುವ ಆಮ್ಲ ಮೊಳೆಯನ್ನೇ ತಿನ್ನುತ್ತದೆ. ಬೊಂಬಾಯಿಯಲ್ಲಿ ಕಟ್ಟಿದ ಹಡಗುಗಳಿಗೆ ದೀರ್ಘಾಯುಷ್ಯ ಅನ್ನುವ ಹೆಸರು ಬಂದದ್ದು ಹೀಗೆ. ಮಲಬಾರಿನ ಜೊತೆಗೆ ನಮ್ಮ ಕೆನರಾ ಕಾಡುಗಳ ತೇಗವೂ ಆ ಹಡಗುಕಟ್ಟೆಗೆ ಹೋಗುತ್ತಿತ್ತು. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮಲಬಾರಿನಲ್ಲಿ ಕ್ಯಾಪ್ಟನ್ ವಾಟ್ಸನ್ ಅನ್ನುವವನನ್ನು ಕಾಡಿನ ಮೇಲ್ವಿಚಾರಣೆಗೆ ಕೂರಿಸಿದ್ದೂ ಇದಕ್ಕಾಗಿಯೇ, ಹಡಗಿಗೆ ಬೇಕಾದ ತೇಗ ಕೈತಪ್ಪಬಾರದು ಅಂತ. ಮರದ ಮಾಲೀಕರು, ವ್ಯಾಪಾರಿಗಳು ಸಿಟ್ಟಾದರು. ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ತೆಗೆಸಿದ. ಇದೇ ಮನ್ರೋ 1799ರಲ್ಲಿ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು.

ಹಾಗಿದ್ದರೆ ತೇಗದ ಹಡಗಿನ ಮಾದರಿಯನ್ನು ತೇಗದಲ್ಲೇ ಕಟ್ಟಬೇಕು ಅಂತ ನಿಮಗನ್ನಿಸಬಹುದು. ಬೇಡ. ನಾನು ಕಟ್ಟುತ್ತಿರುವುದು 48ರಲ್ಲಿ ಒಂದು ಪಾಲಿನ ಅಳತೆಯಲ್ಲಿ. ಸುಮಾರು 46 ಮೀಟರ್ ಉದ್ದದ ಒಡಲು 95 ಸೆಂಟಿಮೀಟರ್ ಆಗುತ್ತದೆ, 12 ಮೀಟರ್ ಅಗಲ 25 ಸೆಂಟಿಮೀಟರ್ ಆಗುತ್ತದೆ, ಒಬ್ಬ ನಾವಿಕ ಮೂರೂವರೆ ಸೆಂಟಿಮೀಟರ್. ಎಲ್ಲವೂ ಕುಗ್ಗುತ್ತದೆ, ಮರದ ಎಳೆ ಮಾತ್ರ ಕುಗ್ಗುವುದಿಲ್ಲ. ತೇಗದ ಎಳೆ ಒರಟು, ರಂಧ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಐದು ಮಿಲಿಮೀಟರ್ ಅಗಲದ ಹಲಗೆಯಲ್ಲಿ ಅಂಥ ಒಂದು ರಂಧ್ರ ಅಂದರೆ ನಿಜವಾದ ಹಡಗಿನಲ್ಲಿ ಬೆರಳು ತೂರುವಷ್ಟು ದೊಡ್ಡ ಬಿರುಕು ಇದ್ದಂತೆ ಲೆಕ್ಕ. ಮೇಲಾಗಿ ಆ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪ್ರತಿ ತುಂಡನ್ನೂ ಅಸಿಟೋನ್‌ನಲ್ಲಿ ಒರೆಸಬೇಕು. ಉಳಿಯ ಬಾಯಿಯೂ ಬೇಗ ಮೊಂಡಾಗುತ್ತದೆ, ತೇಗದಲ್ಲಿ ಮರಳಿನ ಅಂಶ ಇದೆ.

ಹೊರದೇಶದವರು ಪೇರ್ ಮರ, ಬಾಕ್ಸ್‌ವುಡ್ ಅನ್ನುತ್ತಾರೆ. ಅದನ್ನು ದುಡ್ಡು ಸುರಿದು ತರಿಸಬೇಕಾಗಿಲ್ಲ. ನಮ್ಮಲ್ಲಿ ಅರಿಶಿನ ತೇಗ ಅಂತ ಒಂದು ಮರ ಇದೆ. ಹೆಸರಲ್ಲಿ ತೇಗ ಇದ್ದರೂ ತೇಗದ ಕುಲ ಅಲ್ಲ, ಕಾಫಿ ಗಿಡದ ಬಳಗ. ಹಳದಿ ಬಣ್ಣ, ನುಣುಪಾದ ಸಮ ಎಳೆ, ಚಿಕ್ಕ ತುಂಡಿನಲ್ಲೂ ಅಂಚು ಒಡೆಯುವುದಿಲ್ಲ. ಪಕ್ಕೆಲುಬಿಗೆ ಹೇಳಿ ಮಾಡಿಸಿದ ಮರ. ಹಗ್ಗ ಬಿಗಿಯಲು ಮೂರು ತೂತಿನ ಪುಟ್ಟ ಮರದ ಬಿಲ್ಲೆಗಳು ಬೇಕಾಗುತ್ತವೆ, ಫಿರಂಗಿ ಗಾಡಿಗೆ ಚಕ್ರ ಬೇಕಾಗುತ್ತದೆ. ಅವಕ್ಕೆ ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರ. ಲೇತಿನ ಮೇಲೆ ಬೆಣ್ಣೆ. ಇನ್ನು ಮೂತಿಯಲ್ಲಿ ಕೂರುವ ಮೂರ್ತಿ. ಟ್ರಿಂಕೋಮಲಿಯದ್ದು ಪೇಟ ತೊಟ್ಟ ಗಂಡಸು. ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಎಂತೆಂಥ ಸಣ್ಣ ಮುಖ ಕೆತ್ತುತ್ತಾರೆ ನೋಡಿದ್ದೀರಲ್ವಾ? ಅಂಥ ಕೈಗೆ ಕೊಡಿ. ಎಲ್ಲ ನಾನೇ ಮಾಡಬೇಕು ಅನ್ನುವ ಹಟ ನನಗಂತೂ ಇಲ್ಲ.

ಈಗ ಪಕ್ಕೆಲುಬು. ಇದೇ ನನ್ನ ವಾದದ ಜೀವ.

ಕಿಟ್‌ನಲ್ಲಿ ಏನು ಬರುತ್ತದೆ? ಪ್ಲೈವುಡ್ಡಿನಲ್ಲಿ ಕತ್ತರಿಸಿದ ಹತ್ತು ಹದಿನೈದು ಅಡ್ಡ ಹಲಗೆಗಳು. ಅವನ್ನು ಅಡಿಮರಕ್ಕೆ ಸಿಕ್ಕಿಸಿ ಮೇಲೆ ಪಟ್ಟಿ ಅಂಟಿಸಿದರೆ ಆಕಾರ ಬಂತು. ನಿಜವಾದ ಹಡಗಿನಲ್ಲಿ ಅಂಥದ್ದು ಒಂದೂ ಇಲ್ಲ. ಅಲ್ಲಿರುವುದು ಒತ್ತೊತ್ತಾಗಿ ನಿಂತ ಹತ್ತಾರು ಪಕ್ಕೆಲುಬು, ಪ್ರತಿಯೊಂದೂ ಹಲವು ತುಂಡು ಸೇರಿಸಿ ಮಾಡಿದ್ದು. ಯಾಕೆ ಒಂದೇ ಮರದಲ್ಲಿ ಕಡೆಯಬಾರದು? ನೀವೇ ಮಾಡಿ ನೋಡಿ. ನೇರ ಹಲಗೆಯಿಂದ ಒಂದು ಕಮಾನು ಕತ್ತರಿಸಿ. ನಡುವೆ ಎಳೆ ಕಮಾನಿನ ಉದ್ದಕ್ಕೇ ಹೋಗಿರುತ್ತದೆ, ಎರಡು ತುದಿಗಳಲ್ಲಿ ಅಡ್ಡ ಬಂದಿರುತ್ತದೆ. ಆ ತುದಿಯನ್ನು ಎರಡು ಬೆರಳಲ್ಲಿ ಒತ್ತಿದರೆ ಟಕ್ ಅಂತ ಮುರಿಯುತ್ತದೆ. ಹಡಗು ಕಟ್ಟುವವರಿಗೆ ಇದು ಗೊತ್ತಿತ್ತು. ಅದಕ್ಕೇ ಕಮಾನನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿನಲ್ಲೂ ಎಳೆ ಬಾಗಿನ ಜೊತೆಗೇ ಹೋಗುವಂತೆ ನೋಡಿಕೊಂಡರು. ಡೆಕ್ಕಿನ ತೊಲೆ ಪಕ್ಕೆಲುಬಿಗೆ ಸೇರುವ ಮೂಲೆಗೆ ಹುಟ್ಟಿನಿಂದಲೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತರುತ್ತಿದ್ದರು.

ತುಂಡು ಸೇರಿಸಿದರೆ ಸಂದಿ ಬರುತ್ತದೆ, ಸಂದಿ ಅಂದರೆ ದುರ್ಬಲ ಜಾಗ. ಅದಕ್ಕೆ ಪ್ರತಿ ಪಕ್ಕೆಲುಬನ್ನೂ ಎರಡು ಪದರ ಮಾಡಿ ಜೋಡಿಸಿದರು. ಇಟ್ಟಿಗೆ ಗೋಡೆಯಲ್ಲಿ ಸಂದಿಯ ಮೇಲೆ ಸಂದಿ ಬರದಂತೆ ಗಾರೆಯವರು ಕಟ್ಟುತ್ತಾರಲ್ಲ, ಹಾಗೆ. ಒಂದು ಪದರದ ಸಂದಿ ಇನ್ನೊಂದು ಪದರದ ತುಂಡಿನ ನಡುಮಧ್ಯಕ್ಕೆ ಬೀಳುತ್ತದೆ. ಮಾದರಿಯಲ್ಲೂ ಹೀಗೇ ಮಾಡಬಹುದು. ಲೀಡಾ ವರ್ಗದ ನಕ್ಷೆಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ, ಅವುಗಳ ನಕಲು ದುಡ್ಡಿಗೆ ಸಿಗುತ್ತದೆ. ಒಂದೊಂದು ಪಕ್ಕೆಲುಬಿನ ಗೆರೆಯನ್ನು ಕಾಗದದ ಮೇಲೆ ಎಳೆಯಬೇಕು. ಅದರ ಮೇಲೆ ತುಂಡು ಜೋಡಿಸಬೇಕು, ಕಾಯಬೇಕು, ಎರಡನೇ ಪದರ ಹಾಕಬೇಕು, ತಿಕ್ಕಬೇಕು. ನಿಧಾನದ ಕೆಲಸ, ಒಪ್ಪುತ್ತೇನೆ. ಆದರೆ ವಾಡಿಯಾ ಅವರ ಬಡಗಿಗಳು ಯಾವ ಸಮಸ್ಯೆಗೆ ತಲೆ ಕೊಟ್ಟಿದ್ದರೋ ಅದೇ ಸಮಸ್ಯೆ ನಿಮ್ಮ ಮೇಜಿನ ಮೇಲೂ ಬರುತ್ತದೆ. ಕಿಟ್ ಕಟ್ಟಿದವರಿಗೆ ಅದು ಯಾವತ್ತೂ ಎದುರಾಗುವುದಿಲ್ಲ.

ಇಷ್ಟು ಮಾಡಿ ಮೇಲೆ ಹಲಗೆ ಹೊಡೆದು ಮುಚ್ಚುತ್ತೀರಾ?

ಕೆಳಗೆ ತೆರೆದಿಡುವುದು ನನ್ನ ಹೊಸ ಐಡಿಯಾ ಏನಲ್ಲ. ಹದಿನೇಳನೇ ಶತಮಾನದ ನಡುವಿನಿಂದಲೇ ಬ್ರಿಟಿಷ್ ನೇವಿ ಬೋರ್ಡ್ (ಯುದ್ಧನೌಕೆ ಕಟ್ಟಿಸುತ್ತಿದ್ದ ಇಲಾಖೆ) ಕಾಲದ ಮಾದರಿಗಳು ಹೀಗಿದ್ದವು. ಮೇಲೆ ಹಲಗೆ, ಕೆಳಗೆ ಬರೀ ಪಕ್ಕೆಲುಬು, ಅಳತೆಯೂ ಬಹುಮಟ್ಟಿಗೆ ಇದೇ 48ರಲ್ಲಿ ಒಂದು ಪಾಲು. ಈ ವಿಷಯ ಗೊತ್ತಿರುವವರು ಈಗ ನನ್ನನ್ನು ಹಿಡಿದುಕೊಳ್ಳುತ್ತಾರೆ. "ಆ ಮಾದರಿಗಳ ಪಕ್ಕೆಲುಬು ನಿಜವಾದ ಹಡಗಿನಂತೆ ಇರಲಿಲ್ಲ, ಅಂದಕ್ಕೆ ಜೋಡಿಸಿದ್ದು" ಅಂತ. ನಿಜ. ನೋಡಲು ಲಯ ಬರಲಿ ಅಂತ ತುಂಡುಗಳ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿದ್ದರು. ನಾನು ಅವರ ತೆರೆದ ಹೊಟ್ಟೆಯನ್ನು ತೆಗೆದುಕೊಳ್ಳುತ್ತೇನೆ, ಅವರ ಸುಳ್ಳು ಜೋಡಣೆಯನ್ನು ಬಿಡುತ್ತೇನೆ.

ಹೊಟ್ಟೆ ತೆರೆದಿಟ್ಟರೆ ಇನ್ನೊಂದು ಲಾಭ ಇದೆ. ತಾಮ್ರದ ಕಾಟ ತಪ್ಪುತ್ತದೆ. ಮರ ಕೊರೆಯುವ ಹಡಗುಹುಳ, ಪಾಚಿ ಇವು ಬರಬಾರದು ಅಂತ ಆ ಕಾಲದ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಒಂದೊಂದು ತಗಡು ಸುಮಾರು ನಾಲ್ಕು ಅಡಿ ಉದ್ದ, ಒಂದೂಕಾಲು ಅಡಿ ಅಗಲ. ನಮ್ಮ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ಉದ್ದದ ಚೂರುಗಳು, ಸಾವಿರಗಟ್ಟಲೆ. ಕಿಟ್‌ನಲ್ಲಿ ಬರುವ ತಗಡಿನ ಮೇಲೆ ಮೊಳೆತಲೆ ಅಂತ ಉಬ್ಬು ಹೊಡೆದಿರುತ್ತಾರೆ, ನೋಡಿದರೆ ಹಡಗಿಗೆ ಸಿಡುಬು ಬಂದಿದೆ ಅನ್ನಬೇಕು! ನಿಜವಾದ ಮೊಳೆತಲೆ ಚಪ್ಪಟೆ, ತಗಡಿನ ಮಟ್ಟಕ್ಕೇ ಕೂರುತ್ತದೆ. ಒಂದು ಸೆಂಟಿಮೀಟರ್ ಮೊಳೆತಲೆ ಇಲ್ಲಿ 0.2 ಮಿಲಿಮೀಟರ್. ಕಾಣುವುದೇ ಇಲ್ಲ. ಕಾಣದ್ದನ್ನು ಉಬ್ಬಿಸಿ ತೋರಿಸುವುದು ನನ್ನ ಲೆಕ್ಕದಲ್ಲಿ ಸೂಕ್ಷ್ಮ ಕೆಲಸ ಅಲ್ಲ.

ಫಿರಂಗಿ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲು ನಿಮ್ಮ ಹಡಗು ಯಾವ ವರ್ಷದ್ದು ಅಂತ ತೀರ್ಮಾನ ಮಾಡಿ. ಕಟ್ಟಿದಾಗ 46 ಫಿರಂಗಿ, 1847ರಲ್ಲಿ ಮತ್ತೆ ಕೆಲಸಕ್ಕೆ ಇಳಿದಾಗ 26. ನಾನು 1817 ಇಟ್ಟುಕೊಂಡಿದ್ದೇನೆ. ಬೊಂಬಾಯಿಯವರು ಕಟ್ಟಿದ್ದು ಆ ಹಡಗು, ಆಮೇಲಿನದ್ದು ರಿಪೇರಿ.

ಕೊನೆಗೆ ಹಾಯಿ. ಇಲ್ಲಿ ಬೈಗುಳ ಬೀಳುವುದು ಗ್ಯಾರಂಟಿ. ಹಾಯಿ ಇಲ್ಲದ ಹಾಯಿಹಡಗು ಎಂಥದ್ದು ಅಂತ ಕೇಳುತ್ತಾರೆ. ಲೆಕ್ಕ ಹಾಕಿ. ನೀವು ಅಂಗಡಿಯಿಂದ ತಂದ ತೆಳು ಹತ್ತಿ ಬಟ್ಟೆ 0.2 ಮಿಲಿಮೀಟರ್ ದಪ್ಪ ಇದ್ದರೂ 48ರಿಂದ ಗುಣಿಸಿದರೆ ಸುಮಾರು ಒಂದು ಸೆಂಟಿಮೀಟರ್. ಅಷ್ಟು ದಪ್ಪದ ಹಾಯಿಯನ್ನು ಯಾವ ನಾವಿಕ ಮಡಚುತ್ತಾನೆ? ಹಗ್ಗದ ಪಾಡೂ ಅಷ್ಟೇ. ಹತ್ತಿ ದಾರಕ್ಕೆ ರೋಮ ಏಳುತ್ತದೆ, ಧೂಳು ಹಿಡಿಯುತ್ತದೆ. ಪಾಲಿಯೆಸ್ಟರ್ ದಾರವನ್ನು ಹುರಿ ಮಾಡಿ, ಕಂಬ ಹಿಡಿದು ನಿಲ್ಲಿಸುವ ಹಗ್ಗಕ್ಕೆ ಟಾರಿನ ಕಪ್ಪುಕಂದು, ಎಳೆದಾಡುವ ಹಗ್ಗಕ್ಕೆ ತಿಳಿ ಬಣ್ಣ ಕೊಟ್ಟು, ಏಣಿಹಗ್ಗದ ಒಂದೊಂದು ಗಂಟನ್ನೂ ನಿಜವಾಗಿ ಹಾಕುವ ತಾಳ್ಮೆ ಇದ್ದವರಿಗೆ ನನ್ನ ನಮಸ್ಕಾರ. ಅದು ಬೇರೆಯೇ ವಿದ್ಯೆ, ಬೇರೆ ಮಾದರಿಯಲ್ಲಿ ಮಾಡಿ.

ಈ ಹಡಗಿಗೆ ಮೂರು ಕಂಬಗಳ ಬುಡ ಮಾತ್ರ ಡೆಕ್ಕಿನ ಮೇಲೆ ಗೇಣುದ್ದ ನಿಲ್ಲಿಸಿದರೆ ಸಾಕು. ಪೂರ್ತಿ ಕಂಬ, ಮೂತಿಯ ಉದ್ದ ಕೋಲು ಎಲ್ಲ ಹಾಕಿದರೆ ಉದ್ದ ಒಂದು ಮೀಟರ್ ದಾಟುತ್ತದೆ, ಎತ್ತರವೂ ಏರುತ್ತದೆ, ಗಾಜಿನ ಪೆಟ್ಟಿಗೆಗೇ ಒಂದು ಸಂಬಳ ಬೇಕು. ಬುಡದ ಮಟ್ಟಕ್ಕೆ ನಿಲ್ಲಿಸಿದರೆ ಪುಸ್ತಕದ ಕಪಾಟಿನ ಮೇಲೆ ಕೂರುತ್ತದೆ. ಕಣ್ಣಿನ ಮಟ್ಟಕ್ಕೆ ಇಡಿ, ಹಿಂದೊಂದು ಸಣ್ಣ ಲೈಟ್ ಹಾಕಿ. ಯಾರಾದರೂ "ಕೆಲಸ ಇನ್ನೂ ಮುಗಿದಿಲ್ವಾ?" ಅಂತ ಕೇಳಿದರೆ ಒಂದು ಪಕ್ಕೆಲುಬಿನ ಸಂದಿಗಳನ್ನು ತೋರಿಸಿ, ಮಾತು ಅಲ್ಲಿಂದ ಶುರುವಾಗುತ್ತದೆ.